ಶಾಸಕರೊಬ್ಬರ ಚುನಾವಣಾ ಚರಿತ್ರೆಯನ್ನು ದಾಖಲೆಗಳಿಂದ ಕಟ್ಟುವ ಬಗೆ

ಚುನಾವಣೆ ಹತ್ತಿರವಾದಾಗ ಬೆಂಗಳೂರಿನ ಮನೆಗಳ ಗೇಟಿಗೆ ಸಿಕ್ಕಿಸಿ ಹೋಗುವ ಕರಪತ್ರಗಳಲ್ಲಿ ಶಾಸಕರ ಪರಿಚಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ: ಇಷ್ಟು ಬಾರಿ ಗೆದ್ದವರು, ಇಂಥ ಖಾತೆ ನಿರ್ವಹಿಸಿದವರು. ಸೋತ ವರ್ಷ, ಬಿಟ್ಟ ಪಕ್ಷ, ಬದಲಾದ ಕ್ಷೇತ್ರ ಇವು ಅಲ್ಲಿರುವುದಿಲ್ಲ. ಮತದಾರನಿಗೆ ತಿಳಿಯಬೇಕಾದದ್ದು ಬಹುಪಾಲು ಅವುಗಳಲ್ಲೇ ಇರುವುದರಿಂದ, ಸ್ವಲ್ಪ ತಾಳ್ಮೆಯಿರುವ ಯಾರೇ ಆದರೂ ತಮ್ಮ ಶಾಸಕರ ಚರಿತ್ರೆಯನ್ನು ಮೂಲ ದಾಖಲೆಗಳಿಂದ ಹೇಗೆ ಕಟ್ಟಬಹುದೆಂದು ಇಲ್ಲಿ ವಿವರಿಸುತ್ತೇನೆ.

ಮೊದಲು ಒಂದು ಹಾಳೆಯ ಎಡಬದಿಯಲ್ಲಿ ವಿಧಾನಸಭೆಗೆ ನಡೆದ ಸಾರ್ವತ್ರಿಕ ಚುನಾವಣೆಗಳ ವರ್ಷಗಳನ್ನು ಬರೆದುಕೊಳ್ಳಿ: 1952, 1957, 1962, 1967, 1972, 1978, 1983, 1985, 1989, 1994, 1999, 2004, 2008, 2013, 2018 ಮತ್ತು 2023. ಅಂತರ ಎಲ್ಲ ಕಡೆಯೂ ಐದು ವರ್ಷವಿಲ್ಲವೆಂಬುದನ್ನು ಗಮನಿಸಿ. 1983ರಲ್ಲಿ ಗೆದ್ದವರು ಎರಡೇ ವರ್ಷಕ್ಕೆ ಮತ್ತೆ ಜನರ ಮುಂದೆ ನಿಲ್ಲಬೇಕಾಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆದ್ದರಿಂದ 1972 ಮತ್ತು ಅದಕ್ಕೂ ಹಿಂದಿನ ಫಲಿತಾಂಶಗಳನ್ನು ‘ಮೈಸೂರು’ ಎಂಬ ಹೆಸರಿನಲ್ಲಿ ಹುಡುಕಬೇಕು. ನಿಮ್ಮ ಶಾಸಕರು ಕಣದಲ್ಲಿದ್ದ ಪ್ರತಿ ವರ್ಷದ ಎದುರಿಗೂ ಕ್ಷೇತ್ರ, ಪಕ್ಷ, ಪಡೆದ ಮತ, ಸಮೀಪದ ಎದುರಾಳಿಯ ಹೆಸರು ಮತ್ತು ಮತ, ಅಂತರ ಇಷ್ಟಕ್ಕೂ ಜಾಗ ಬಿಡಿ. ಸ್ಪರ್ಧಿಸದ ವರ್ಷವನ್ನೂ ಖಾಲಿ ಬಿಡದೆ ‘ಸ್ಪರ್ಧಿಸಲಿಲ್ಲ’ ಎಂದೇ ಬರೆಯಿರಿ.

ಈ ಹಾಳೆಯನ್ನು ತುಂಬಲು ಮುಖ್ಯ ಆಧಾರ ಭಾರತ ಚುನಾವಣಾ ಆಯೋಗವು ಪ್ರತಿ ಸಾರ್ವತ್ರಿಕ ಚುನಾವಣೆಯ ನಂತರ ಪ್ರಕಟಿಸುವ ಅಂಕಿಅಂಶಗಳ ವರದಿ. ಅದರಲ್ಲಿ ಕ್ಷೇತ್ರವಾರು ಎಲ್ಲ ಅಭ್ಯರ್ಥಿಗಳ ಹೆಸರೂ ಮತಗಳೂ ಇರುತ್ತವೆ. ಗೆದ್ದವರ ಪಟ್ಟಿಯನ್ನಷ್ಟೇ ನೋಡಿ ಮುಗಿಸಬೇಡಿ. ರಾಜಾಜಿನಗರದಲ್ಲಿ ಬಿಜೆಪಿಯ ಎಸ್. ಸುರೇಶ್ ಕುಮಾರ್ 1994 ಮತ್ತು 1999ರಲ್ಲಿ ಗೆದ್ದರು. 2008ರಿಂದ 2023ರವರೆಗಿನ ನಾಲ್ಕೂ ಚುನಾವಣೆಗಳಲ್ಲಿ ಗೆದ್ದರು. ನಡುವಿನ 2004ರಲ್ಲಿ ಕ್ಷೇತ್ರ ಕಾಂಗ್ರೆಸ್ ಪಾಲಾಗಿತ್ತು. ಆರು ಗೆಲುವುಗಳ ಪಟ್ಟಿಯಲ್ಲಿ ಕಾಣದ ಆ ಒಂದು ವರ್ಷವೇ ರಾಜಾಜಿನಗರದ ಮತದಾರರ ಬಗ್ಗೆ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಒಬ್ಬರೇ ಎರಡು ಕಡೆ ನಿಂತದ್ದನ್ನೂ ಹುಡುಕಬೇಕು. ಆರ್. ಅಶೋಕ 2023ರಲ್ಲಿ ಪದ್ಮನಾಭನಗರದಲ್ಲಿ ಗೆದ್ದರು, ಅದೇ ದಿನ ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಎದುರು ಸೋತರು. ಪದ್ಮನಾಭನಗರದ ಪುಟವೊಂದನ್ನೇ ತೆರೆದವರಿಗೆ ಆ ಸೋಲು ಸಿಗುವುದಿಲ್ಲ.

ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆಗಳು ಬರುವುದಿಲ್ಲ, ಅವುಗಳ ಫಲಿತಾಂಶವನ್ನು ಬೇರೆಯಾಗಿ ತೆಗೆಯಬೇಕು. ಬೆಂಗಳೂರಿನ ಮಟ್ಟಿಗೆ ಇದನ್ನು ಬಿಟ್ಟರೆ ಚರಿತ್ರೆಯೇ ತಪ್ಪಾಗುತ್ತದೆ. ಮಹಾಲಕ್ಷ್ಮಿ ಲೇಔಟ್‌ನ ಕೆ. ಗೋಪಾಲಯ್ಯ 2013 ಮತ್ತು 2018ರಲ್ಲಿ ಜೆಡಿಎಸ್‌ನಿಂದ ಗೆದ್ದರು. 2019ರ ಜುಲೈನಲ್ಲಿ ಸಭಾಧ್ಯಕ್ಷರು ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹಗೊಳಿಸಿದ 17 ಶಾಸಕರಲ್ಲಿ ಅವರೂ ಒಬ್ಬರು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಎತ್ತಿಹಿಡಿದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ಗೆದ್ದರು, 2023ರಲ್ಲಿ ಮತ್ತೆ ಗೆದ್ದರು. ‘ನಾಲ್ಕು ಬಾರಿ ಶಾಸಕ’ ಎಂದರೆ ಸುಳ್ಳಲ್ಲ. ಆದರೆ ಎರಡು ಪಕ್ಷ, ಒಂದು ಅನರ್ಹತೆ, ಒಂದು ನ್ಯಾಯಾಲಯದ ತೀರ್ಪು ಆ ನಾಲ್ಕರೊಳಗೆ ಅಡಗಿ ಕೂತಿವೆ, ಅವನ್ನು ದಿನಾಂಕ ಸಮೇತ ಹೊರಗೆ ತೆಗೆಯುವುದೇ ನಮ್ಮ ಕೆಲಸ. ಹಳೆಯ ಕಾಲಕ್ಕೂ ಈ ಮಾತು ಅನ್ವಯಿಸುತ್ತದೆ: 1983ರಲ್ಲಿ ಮುಖ್ಯಮಂತ್ರಿಯಾದಾಗ ವಿಧಾನಸಭೆಯ ಸದಸ್ಯರಾಗಿರದ ರಾಮಕೃಷ್ಣ ಹೆಗಡೆ ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಆಯ್ಕೆಯಾದರು, ಬಸವನಗುಡಿಯಿಂದ ಗೆದ್ದದ್ದು 1985ರಲ್ಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗುವುದು ಕ್ಷೇತ್ರ ಪುನರ್ವಿಂಗಡಣೆಯ, ಎಂದರೆ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಗುರುತಿಸುವುದರ, ವಿಷಯದಲ್ಲಿ. 2008ರ ಚುನಾವಣೆ ಹೊಸ ಗಡಿಗಳ ಮೇಲೆ ನಡೆಯಿತು. ಬಿನ್ನಿಪೇಟೆ, ಜಯಮಹಲ್, ಭಾರತಿನಗರ, ವರ್ತೂರು, ಉತ್ತರಹಳ್ಳಿ ಎಂಬ ಕ್ಷೇತ್ರಗಳು ಇಲ್ಲವಾದವು. ಬಿಟಿಎಂ ಲೇಔಟ್, ಪದ್ಮನಾಭನಗರ, ಮಹದೇವಪುರ, ಬೊಮ್ಮನಹಳ್ಳಿಯಂಥವು ಹುಟ್ಟಿದವು. ಇಂದು ಬೆಂಗಳೂರಿನ ಲೆಕ್ಕಕ್ಕೆ 28 ಕ್ಷೇತ್ರಗಳಿವೆ. ರಾಮಲಿಂಗಾ ರೆಡ್ಡಿಯವರು 1989ರಿಂದ 2004ರವರೆಗೆ ಜಯನಗರದಲ್ಲಿ ನಾಲ್ಕು ಬಾರಿ, 2008ರಿಂದ ಬಿಟಿಎಂ ಲೇಔಟ್‌ನಲ್ಲಿ ನಾಲ್ಕು ಬಾರಿ ಗೆದ್ದಿದ್ದಾರೆ. ಗಡಿ ಬದಲಾದದ್ದನ್ನು ಹೇಳದೆ ‘ಕ್ಷೇತ್ರ ಬದಲಿಸಿದರು’ ಎಂದಷ್ಟೇ ಬರೆದರೆ ಓದುಗರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಹೆಸರು ಉಳಿದ ಕ್ಷೇತ್ರಗಳಲ್ಲಿಯೂ ಒಳಗಿನ ಬಡಾವಣೆಗಳು ಬದಲಾಗಿರುತ್ತವೆ. ನಾನು ಮೊದಲ ಸಲ ಇಂಥ ಪಟ್ಟಿ ಮಾಡಿದಾಗ ಅದೇ ಹೆಸರಿನ ಕ್ಷೇತ್ರವೊಂದರ 2004 ಮತ್ತು 2008ರ ಮತಗಳನ್ನು ಪಕ್ಕಪಕ್ಕ ಇಟ್ಟು ‘ಜನಬೆಂಬಲ ಕುಸಿಯಿತು’ ಎಂದು ಬರೆದುಬಿಟ್ಟಿದ್ದೆ. ಅಲ್ಲಿ ಕುಸಿದದ್ದು ಮತದಾರರ ಸಂಖ್ಯೆ. ಅಂದಿನಿಂದ 2004 ಮತ್ತು 2008ರ ನಡುವೆ ಹಾಳೆಯ ಮೇಲೆ ಕೆಂಪು ಗೆರೆ ಎಳೆಯುತ್ತೇನೆ, ಗೆರೆಯ ಎರಡೂ ಬದಿಯ ಮತಗಳನ್ನು ಹೋಲಿಸುವುದಿಲ್ಲ.

ಅಂತರ ತೀರ ಕಡಿಮೆಯಿದ್ದಾಗ ಮತಗಟ್ಟೆಯ ಮಟ್ಟಕ್ಕೆ ಇಳಿಯಬೇಕು. ಜಯನಗರವನ್ನೇ ನೋಡಿ. 2018ರಲ್ಲಿ ಅಭ್ಯರ್ಥಿಯಾಗಿದ್ದ ಶಾಸಕ ಬಿ.ಎನ್. ವಿಜಯಕುಮಾರ್ ಮತದಾನಕ್ಕೆ ಮೊದಲೇ ನಿಧನರಾದ ಕಾರಣ ಅಲ್ಲಿನ ಮತದಾನ ಜೂನ್ 11ಕ್ಕೆ ಮುಂದೆ ಹೋಯಿತು, ಹಾಗಾಗಿ ಆ ಮೇ ತಿಂಗಳ ಪತ್ರಿಕೆಗಳ ಫಲಿತಾಂಶ ಪಟ್ಟಿಯಲ್ಲಿ ಜಯನಗರ ಸಿಗುವುದಿಲ್ಲ. ಜೂನ್‌ನಲ್ಲಿ ಸೌಮ್ಯಾ ರೆಡ್ಡಿ ಗೆದ್ದರು. 2023ರಲ್ಲಿ ಮರುಎಣಿಕೆಯ ನಂತರ ಸಿ.ಕೆ. ರಾಮಮೂರ್ತಿ ಅವರಿಗೆ 57,797, ಸೌಮ್ಯಾ ರೆಡ್ಡಿ ಅವರಿಗೆ 57,781 ಮತ; ಅಂತರ 16. ಇಂಥ ಕಡೆ ನಮೂನೆ 20 ಎಂಬ ಅಂತಿಮ ಫಲಿತಾಂಶ ಪಟ್ಟಿಯನ್ನು ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಿಂದ ಇಳಿಸಿಕೊಳ್ಳಿ. ಒಂದೊಂದು ಮತಗಟ್ಟೆಗೆ ಒಂದೊಂದು ಸಾಲು, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಅಂಕಣ. ಅಂಚೆ ಮತಗಳು ಕೊನೆಯಲ್ಲಿ ಬೇರೆಯಾಗಿ. ಮತಗಟ್ಟೆಗಳ ಪಟ್ಟಿಯನ್ನು ಪಕ್ಕಕ್ಕೆ ಇಟ್ಟುಕೊಂಡರೆ ಯಾವ ಶಾಲೆಯ ಯಾವ ಕೊಠಡಿಯಲ್ಲಿ ಯಾರು ಮುಂದಿದ್ದರೆಂದು ತಿಳಿಯುತ್ತದೆ. ನಮ್ಮ ಬೀದಿಯವರು ಸಾಲುಗಟ್ಟಿ ನಿಂತ ಮತಗಟ್ಟೆಯ ಸಾಲನ್ನು ಅಲ್ಲಿ ಬೆರಳಿಟ್ಟು ಓದುವಾಗ, ಹದಿನಾರು ಮತವೆಂದರೆ ನಾಲ್ಕೈದು ಮನೆಗಳು ಎಂಬುದು ಮನಸ್ಸಿಗೆ ನಾಟುತ್ತದೆ.

ಸೋತ ಚುನಾವಣೆಗಳಲ್ಲಿ ಠೇವಣಿಯ ಸಂಗತಿಯನ್ನೂ ಬರೆಯಿರಿ: ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದ ಅಭ್ಯರ್ಥಿಯ ಠೇವಣಿ ಮುಟ್ಟುಗೋಲಾಗುತ್ತದೆ. ಈ ಲೆಕ್ಕದಲ್ಲಿ ನೋಟಾ (ಯಾವ ಅಭ್ಯರ್ಥಿಯೂ ಬೇಡ ಎಂಬ) ಮತಗಳನ್ನು ಸೇರಿಸಬಾರದು.

ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ವಿದ್ಯಾಭ್ಯಾಸ, ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳ ವಿವರ ಇರುತ್ತದೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ಮತದಾರರಿಗೆ ದಕ್ಕಿದ ಹಕ್ಕು ಇದು. ಒಬ್ಬರದೇ ಬೇರೆ ಬೇರೆ ವರ್ಷಗಳ ಪ್ರಮಾಣಪತ್ರಗಳನ್ನು ಜೊತೆಯಲ್ಲಿಟ್ಟು ಓದಿ. ಆಸ್ತಿ ಹೆಚ್ಚಿದ್ದರೆ ಹಳೆಯ ಜಮೀನಿನ ಮಾರುಕಟ್ಟೆ ಬೆಲೆ ಏರಿದ್ದೋ ಹೊಸದಾಗಿ ಕೊಂಡದ್ದೋ ಎಂದು ಬಿಡಿಸಿ ನೋಡದೆ ಏನನ್ನೂ ಹೇಳಬೇಡಿ, ಪ್ರಕರಣ ಬಾಕಿ ಇರುವುದನ್ನು ಅಪರಾಧ ಸಾಬೀತಾದಂತೆ ಬರೆಯಬೇಡಿ. ಒಂದೇ ಹೆಸರಿನ ಇಬ್ಬರು ಕಣದಲ್ಲಿದ್ದಾಗ ಗುರುತು ಹಿಡಿಯಲೂ ಇದರಲ್ಲಿನ ತಂದೆಯ ಹೆಸರು ಮತ್ತು ವಯಸ್ಸು ನೆರವಾಗುತ್ತವೆ.

ಬೆಂಗಳೂರಿನ ಅನೇಕ ಶಾಸಕರ ದಾರಿ ಪಾಲಿಕೆಯಿಂದ ಆರಂಭವಾಗಿದೆ. ಆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದ್ದರಿಂದ 2010 ಮತ್ತು 2015ರ ಬಿಬಿಎಂಪಿ ಫಲಿತಾಂಶಗಳನ್ನು ಅದರ ದಾಖಲೆಗಳಲ್ಲಿ ನೋಡಬೇಕು. ಟಿಕೆಟ್ ತಪ್ಪಿದ್ದು, ಬಂಡಾಯವಾಗಿ ನಿಂತದ್ದು, ಪಕ್ಷವು ತನ್ನ ಅಧಿಕೃತ ಅಭ್ಯರ್ಥಿಗೆ ಕೊಡುವ ಬಿ ಫಾರಂ ಕೊನೆಯ ಗಳಿಗೆಯಲ್ಲಿ ಕೈಬದಲಾದದ್ದು ಯಾವ ಸರ್ಕಾರಿ ವರದಿಯಲ್ಲೂ ಇರುವುದಿಲ್ಲ. ಅದಕ್ಕೆ ಆಯಾ ವಾರದ ದಿನಪತ್ರಿಕೆಗಳೇ ಗತಿ, ಅದರಲ್ಲೂ ನಾಮಪತ್ರ ಹಿಂಪಡೆಯುವ ಕೊನೆಯ ದಿನದ ಮರುದಿನದ ಸಂಚಿಕೆ. ಗೆದ್ದ ಮೇಲೆ ಸದನದಲ್ಲಿ ಏನು ಮಾಡಿದರೆಂಬುದು ವಿಧಾನಸಭೆಯ ನಡವಳಿಗಳಲ್ಲಿದೆ. ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗಳು (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದವು), ಮಂಡಿಸಿದ ಗಮನ ಸೆಳೆಯುವ ಸೂಚನೆಗಳು ಕ್ಷೇತ್ರದ ಕೆರೆ, ಚರಂಡಿ, ಶಾಲೆಗಳ ಬಗ್ಗೆ ಇದ್ದವೋ ಇಲ್ಲವೋ ಎಂದು ಪರಿಶೀಲಿಸಿ ಸೇರಿಸಿ.

ಹಾಳೆ ತುಂಬಿದ ಮೇಲೆ ಅದರ ಒಂದು ಪ್ರತಿಯನ್ನು ಶಾಸಕರ ಕಚೇರಿಗೂ ಒಯ್ದು ತೋರಿಸಿ. ಅವರ ನೆನಪಿಗೂ ದಾಖಲೆಗೂ ವ್ಯತ್ಯಾಸ ಬಂದ ಕಡೆ ದಾಖಲೆಯ ಅಂಕಿಯನ್ನು ಉಳಿಸಿಕೊಂಡು, ಅವರು ಹೇಳಿದ್ದನ್ನು ಅದರ ಕೆಳಗೆ ಅವರದೇ ಮಾತಿನಲ್ಲಿ, ಹೇಳಿದ ದಿನಾಂಕದೊಡನೆ ಬರೆದಿಡಿ.