ಸದ್ದು ಗೇರ್‌ಬಾಕ್ಸಿನದಲ್ಲ, ಫ್ಲೈವೀಲಿನದು

ಗೋಣಿಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರು ಆ ಕಾರನ್ನು ನನ್ನ ಶೆಡ್ಡಿಗೆ ತರುವ ಹೊತ್ತಿಗೆ ಅದರ ಮೇಲೆ ಮೂವತ್ತೈದು ಸಾವಿರದಷ್ಟು ಸುರಿದಾಗಿತ್ತು. ಎರಡು ಲೀಟರ್ ಡೀಸೆಲ್ ಗಾಡಿ, 1,10,000 ಕಿ.ಮೀ. ಆಸುಪಾಸು ಓಡಿತ್ತು. "ನೋಡಣ್ಣ, ಕ್ಲಚ್ ಸೆಟ್ ಹೊಸದು, ರಿಲೀಸ್ ಬೇರಿಂಗ್ ಹೊಸದು, ಟಕಟಕ ಮಾತ್ರ ಹಳೇದೇ" ಅಂದರು. ಒಬ್ಬರು ಕ್ಲಚ್ ಬದಲಿಸಿದ್ದರು, ಇನ್ನೊಬ್ಬರು ಗೇರ್‌ಬಾಕ್ಸ್ ಬೇರಿಂಗ್ ಹಾಕಿದ್ದರು. ಮೂರನೆಯವರು ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಹೋಗಿದೆ, ಎಂಜಿನ್ ಇಳಿಸಲೇಬೇಕು ಎಂದು ಹೆದರಿಸಿದ್ದರು.

ಮೊದಲು ನಾನೂ ತಪ್ಪಿದೆ. ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಕುಸಿದಂತೆ ಕಂಡಿತು, ಸುಮಾರು ನಾಲ್ಕೂವರೆ ಸಾವಿರ ಕೊಟ್ಟು ಹೊಸದು ತರಿಸಿ ಹಾಕಿದೆ. ನಡುಕ ಕಡಿಮೆಯಾಯಿತು, ಸದ್ದು ಹಾಗೇ ಉಳಿಯಿತು. ಆ ದುಡ್ಡನ್ನು ಅವರಿಂದ ಕೇಳಲಿಲ್ಲ.

ಆಮೇಲೆ ಪಾನಾ ಬದಿಗಿಟ್ಟು ಕೇಳಲು ಕುಳಿತೆ. ಹಳೆಯ ಗ್ಯಾಸ್ ಪೈಪಿನ ತುಂಡನ್ನು ಒಂದು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಎಂಜಿನ್-ಗೇರ್‌ಬಾಕ್ಸ್ ಸೇರುವಲ್ಲಿನ ಕವಚ, ಅಂದರೆ ಬೆಲ್ ಹೌಸಿಂಗಿನ ಸುತ್ತ ಓಡಿಸಿದೆ. ಐಡ್ಲಿಂಗ್‌ನಲ್ಲಿ, ನಿಮಿಷಕ್ಕೆ ಎಂಟುನೂರು ಸುತ್ತಿನ ಹತ್ತಿರ, ಟಕ್ ಟಕ್. ಸಾವಿರ ದಾಟುವಷ್ಟು ರೇಸ್ ಕೊಟ್ಟರೆ ಮಾಯ. ಕ್ಲಚ್ ಅದುಮಿದರೆ ಮಂದವಾಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗಾಗಿದ್ದರೆ ಅದುಮಿದ ಕೂಡಲೇ ನಿಲ್ಲಬೇಕಿತ್ತು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ಸಾಕೆಟ್ ಒಂದೊಂದೇ ಎಳೆದು ನೋಡಿದೆ, ಯಾವ ಸಿಲಿಂಡರಿನಲ್ಲೂ ಸದ್ದು ಸಾಯಲಿಲ್ಲ. ರಾಡ್ ಅಲ್ಲವೆಂದು ಅಲ್ಲೇ ಖಾತ್ರಿ. ಸ್ಕ್ಯಾನರಿನಲ್ಲಿ ಇಂಜೆಕ್ಟರ್ ಕರೆಕ್ಷನ್ (ಡೀಸೆಲ್ ಪ್ರಮಾಣದ ತಿದ್ದುಪಡಿ) ಕೂಡ ನಾಲ್ಕಕ್ಕೂ ಸರಿಸುಮಾರು ಒಂದೇ. ಇದನ್ನು ಬಿಡಬೇಡಿ, ಒಂದು ಇಂಜೆಕ್ಟರ್ ಸೊರಗಿದರೂ ಐಡ್ಲಿಂಗ್ ಕುಂಟಿ, ಎಂಜಿನ್ನಿಗೂ ಕ್ಲಚ್ಚಿಗೂ ನಡುವಿನ ಭಾರದ ಚಕ್ರ, ಅಂದರೆ ಫ್ಲೈವೀಲ್, ಒಳ್ಳೆಯದಿದ್ದರೂ ಗಡಗಡ ಅನ್ನುತ್ತದೆ.

ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ ಕ್ಷಣದಲ್ಲಿ ಬೆಲ್ ಹೌಸಿಂಗಿನೊಳಗೆ ಕಬ್ಬಿಣದ ಪೆಟ್ಟಿಗೆ ಅಲುಗಿದಂತೆ ಗಡ್ ಗಡ್ ಎಂದು ಎರಡು ಏಟು. ಡ್ಯುಯಲ್ ಮಾಸ್ ಫ್ಲೈವೀಲ್, ಎರಡು ಭಾಗಗಳ ನಡುವಿನ ಸ್ಪ್ರಿಂಗ್ ಸೋತಿದೆ ಎಂದು ಹೇಳಿದೆ. ಪಕ್ಕದ ಶೆಡ್ಡಿನವರು ನಂಬಲಿಲ್ಲ. "ಮೊನ್ನೆ ತಾನೆ ಕ್ಲಚ್ ಹಾಕಿದವರಿಗೆ ಕಾಣಲಿಲ್ಲವಾ?" ಅಂದರು.

ಕೆಳಗಿನ ಇನ್‌ಸ್ಪೆಕ್ಷನ್ ಪ್ಲೇಟ್ ಬಿಚ್ಚಿ, ಎರಡೂ ಭಾಗಗಳ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದೆ. ಫ್ಲೈವೀಲಿನ ಅಂಚಿನ ಹಲ್ಲಿನ ಬಳೆ, ಅಂದರೆ ರಿಂಗ್ ಗೇರನ್ನು ಅಲುಗದಂತೆ ಕಚ್ಚಿಸಿ ಕ್ಲಚ್ ಕಡೆಯ ಭಾಗವನ್ನು ಕೈಯಿಂದ ತಿರುಗಿಸಿದರೆ, ಸ್ಪ್ರಿಂಗ್ ಬಿಗಿಯಾಗುವ ಮುಂಚೆಯೇ ಗೆರೆ ಹೆಬ್ಬೆರಳಿನ ಅಗಲದಷ್ಟು ಜಾರಿತು. ಎಷ್ಟು ಸಡಿಲವಿದ್ದರೆ ಸರಿ ಎಂಬ ಲೆಕ್ಕ ಒಂದೊಂದು ಫ್ಲೈವೀಲಿಗೆ ಒಂದೊಂದು. ರಿಂಗ್ ಗೇರ್ ಕಚ್ಚಿಸಲು ನಾನು ಬಳಸುವ ಪಟ್ಟಿಯ ಅಳತೆ ಮಾತ್ರ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಗೇರ್‌ಬಾಕ್ಸ್ ಇಳಿಸಿದಾಗ ಹೌಸಿಂಗಿನ ಗೋಡೆಗೆ ಫ್ಲೈವೀಲಿನೊಳಗಿನ ಕಪ್ಪು ಗ್ರೀಸ್ ಸಿಡಿದು ಅಂಟಿತ್ತು. ಪಕ್ಕದವರನ್ನು ಕರೆದು ತೋರಿಸಿದೆ.

ಹೊಸ ಫ್ಲೈವೀಲಿಗೆ ನಲವತ್ತು ಸಾವಿರದ ಹತ್ತಿರ, ಕೂಲಿ ಏಳು. ಕಡಿಮೆ ಖರ್ಚಿನದೆಂದು ಹಿಂದೆ ಇನ್ನೊಂದು ಗಾಡಿಗೆ ಸ್ಪ್ರಿಂಗಿಲ್ಲದ ಒಂದೇ ತುಂಡಿನ ಗಟ್ಟಿ ಫ್ಲೈವೀಲ್ ಹಾಕಿ ನೋಡಿದ್ದೆ. ಹದಿನೈದು ಸಾವಿರದಷ್ಟು ಉಳಿಯಿತು, ಆದರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಕಡಲೆ ಹುರಿದಂತೆ ಸದ್ದು ಮಾಡಿ ಮಾಲೀಕರು ತಿರುಗಿ ಬಂದರು. ಈ ಕಾರಿಗೆ ಆ ದಾರಿ ಹಿಡಿಯಲಿಲ್ಲ.

ಸೋತದ್ದೇಕೆ ಎಂದು ತಿಳಿಯಲು ತೋಟಕ್ಕೇ ಹೋದೆ. ಗೇಟಿನಿಂದ ಕಣದವರೆಗೆ ಕಡಿದಾದ ಏರು. ಕೊಯ್ಲಿನ ದಿನಗಳಲ್ಲಿ ಹಿಂದೆ ಕಾಫಿ ಚೀಲ ಹೇರಿಕೊಂಡು ಎರಡನೇ ಗೇರಿನಲ್ಲೇ ಎಂಜಿನ್ ಉಬ್ಬಸಪಡುವಂತೆ ಏರಿಸುತ್ತಿದ್ದರು. ಆ ಜಗ್ಗಾಟವೆಲ್ಲ ಫ್ಲೈವೀಲಿನ ಸ್ಪ್ರಿಂಗಿನ ಮೇಲೆ. "ಅಣ್ಣ, ಗೇಟಿನ ಹತ್ತಿರವೇ ಫಸ್ಟ್‌ಗೆ ಹಾಕಿ" ಎಂದೆ. ಎರಡು ಮಳೆಗಾಲ ಕಳೆಯಿತು. ಈಗ ಎಂಜಿನ್ ನಿಲ್ಲಿಸಿದರೆ ವೈಪರಿನಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತದೆ.