ಕೋಳಿಗೆ ನೀರಿಡೋಕೆ ಬೋಗುಣಿ ಸಾಕಾ, ನಿಪ್ಪಲ್ ಬೇಕಾ?

ನಮ್ಮನೇಲಿ ಮೊದಲು ಒಂದು ಹಳೇ ಅಲ್ಯೂಮಿನಿಯಂ ಬೋಗುಣೀಲಿ ನೀರಿಡ್ತಿದ್ವಿ, ಬೆಳಗ್ಗೆ ಆರಕ್ಕೆ ತುಂಬಿಸಿಟ್ರೆ ಎಂಟಕ್ಕೆಲ್ಲ ಮಣ್ಣು, ಹೊಟ್ಟು, ಹಿಕ್ಕೆ ಸೇರಿ ಒಳ್ಳೇ ಕಷಾಯ. ಕೋಳಿ ಅಂದ್ಮೇಲೆ ಕೆದರುತ್ತೆ, ಪಾತ್ರೆ ನೆಲದ ಮೇಲಿಟ್ಟಿದ್ದು ನಮ್ಮ ತಪ್ಪು.

ಮೊದಲು ಲೆಕ್ಕ ಹಾಕ್ಕೊಳಿ. ದೊಡ್ಡ ಹೇಂಟೆ ದಿನಕ್ಕೆ ಹೆಚ್ಚುಕಮ್ಮಿ ಕಾಲು ಲೀಟರ್ ಕುಡಿಯುತ್ತೆ, ಏಪ್ರಿಲ್ ಬಿಸಿಲಲ್ಲಿ ಅದರ ಎರಡರಷ್ಟು. ಮೊಟ್ಟೇಲಿ ಮುಕ್ಕಾಲು ಪಾಲು ನೀರೇ ಅಲ್ವಾ, ನೀರು ಕಮ್ಮಿಯಾದ್ರೆ ಮೊಟ್ಟೇನೂ ಕಮ್ಮಿ. ಹತ್ತು ಕೋಳಿ ಇದ್ರೆ 5 ಲೀಟರಿಂದು ತಗೊಳಿ, ಅದಕ್ಕಿಂತ ಚಿಕ್ಕದು ಬೇಡ.

ಐದಾರು ಕೋಳಿಯವರಿಗೆ ನಾನು ಹೇಳೋದು ತಟ್ಟೆ ಮೇಲೆ ಡಬ್ಬ ಬೋರಲು ಹಾಕೋ ಪ್ಲಾಸ್ಟಿಕ್ ಡ್ರಿಂಕರ್. ಮನೇಲೇ ಮಾಡ್ಕೊಳೋದಾದ್ರೆ ಡಬ್ಬದ ತೂತು ತಟ್ಟೆ ಅಂಚಿಗಿಂತ ಕೆಳಗೇ ಇರ್ಬೇಕು, ಮೇಲಿದ್ರೆ ನೀರೆಲ್ಲ ಹೊರಗೆ. ಇಟ್ಟಿಗೆ ಜೋಡಿಸಿ ಅಂಚು ಕೋಳಿ ಬೆನ್ನಿನ ಮಟ್ಟಕ್ಕೆ ಬರೋ ಹಾಗೆ ಇಡಿ, ನೆರಳಲ್ಲೇ ಇಡಿ. ನಾಟಿ ಕೋಳಿ ಡಬ್ಬದ ತಲೆ ಮೇಲೇ ಹತ್ತಿ ಕೂತು ಅಲ್ಲಿಂದಲೇ ಹಿಕ್ಕೆ ಹಾಕುತ್ತೆ, ಅದಕ್ಕೆ ಹಗ್ಗ ಕಟ್ಟಿ ನೇತುಹಾಕಿದ್ರೆ ಇನ್ನೂ ವಾಸಿ. ಮರಿಗಳಿದ್ರೆ ತಟ್ಟೇಲಿ ಬೆಣಚುಕಲ್ಲು ಹಾಕಿ, ಒಂದಿಂಚು ನೀರಲ್ಲೂ ಮುಳುಗಿ ಸಾಯ್ತವೆ.

ನಿಪ್ಪಲ್ಲು ಅಂದ್ರೆ ಕೋಳಿ ಕೊಕ್ಕಲ್ಲಿ ಕಡ್ಡಿ ಒತ್ತಿದ್ರೆ ಹನಿ ಬಿಡೋ ಪುಟ್ಟ ನಲ್ಲಿ. ಅದು ಕ್ಲೀನು, ನಿಜ. ಬಕೆಟ್ ತಳಕ್ಕೆ ತೂತು ಕೊರೆದು ಟೆಫ್ಲಾನ್ ಟೇಪ್ ಸುತ್ತಿ ತಿರುಪಿ, ಎಂಟತ್ತು ಕೋಳಿಗೆ ಒಂದು ಸಾಕಾಗುತ್ತೆ ಅಂತಾರೆ, ನಾನಾದ್ರೆ ಎರಡು ಹಾಕ್ತೀನಿ. ಕೋಳಿ ಕತ್ತೆತ್ತಿ ಕುಡಿಯೋ ಎತ್ತರಕ್ಕೆ ಬಕೆಟ್ ನೇತುಹಾಕಿ. ಪೇಂಟ್ ಬಕೆಟ್ ಮಾತ್ರ ಬೇಡ. ಆದ್ರೆ ಬೋರ್‌ವೆಲ್ ನೀರಿನ ಉಪ್ಪು ಕಟ್ಕೊಂಡು ನಿಪ್ಪಲ್ ಜಾಮ್ ಆದ್ರೆ ಹೊರಗಿಂದ ಗೊತ್ತೇ ಆಗಲ್ಲ, ಬಕೆಟ್ ತುಂಬಿದೆ ಅಂತ ನಾವು ಆರಾಮಾಗಿರ್ತೀವಿ, ಕೋಳಿ ಬಾಯಿ ತೆಕ್ಕೊಂಡು ಏದುಸಿರು ಬಿಡ್ತಿರುತ್ತೆ. ಹಾಗಾಗಿ ದಿನಾ ಬೆಳಗ್ಗೆ ಒಂದೊಂದೇ ಕಡ್ಡೀನ ಬೆರಳಲ್ಲಿ ಒತ್ತಿ ನೋಡಿ, ಹನಿ ಬರ್ಬೇಕು. ಬರದಿದ್ರೆ ಬಿಚ್ಚಿ ರಾತ್ರಿಯಿಡೀ ವಿನೆಗರಲ್ಲಿ ನೆನೆಸಿ. ಸದಾ ಸೋರ್ತಿದ್ರೂ ಬದಲಾಯಿಸಿ, ಕೆಳಗಿನ ಹೊಟ್ಟು ಒದ್ದೆಯಾದ್ರೆ ರಕ್ತಬೇಧಿ ಶುರುವಾಗೋದು ಅಲ್ಲಿಂದಲೇ.

ತೊಳೆಯೋದು ಅಂದ್ರೆ ನೀರು ಚೆಲ್ಲಿ ಹೊಸದು ತುಂಬೋದಲ್ಲ. ತಟ್ಟೆ ಒಳಗೆ ಬೆರಳಾಡಿಸಿ, ಬೆಂಡೆಕಾಯಿ ಹೆಚ್ಚಿದ ಹಾಗೆ ಲೋಳೆ ಹತ್ತಿದ್ರೆ ತೆಂಗಿನ ನಾರಲ್ಲಿ ಉಜ್ಜಲೇಬೇಕು, ಆಮೇಲೆ ಬಿಸಿಲಿಗೆ ಒಣಗಿಸಿ. ತಟ್ಟೆ ದಿನಾ, ಡಬ್ಬ ವಾರಕ್ಕೊಂದ್ಸಲ. ಬ್ಲೀಚಿಂಗ್ ಪೌಡರ್ ಬಳಸಿದ್ರೆ ವಾಸನೆ ಹೋಗೋವರೆಗೂ ಜಾಲಾಡಿಸಿ, ವಿನೆಗರ್ ಜೊತೆ ಬೆರೆಸಿದ್ರೆ ವಿಷದ ಗಾಳಿ ಬರುತ್ತೆ, ಹುಷಾರು.

ಇನ್ನೊಂದು, ಕೋಳಿಗೆ ಬರೋ ಕೊಕ್ಕರೆ ರೋಗದ (ರಾಣಿಕೇತ್) ಲಸಿಕೆ ನೀರಲ್ಲಿ ಕೊಡೋ ದಿನ ಈ ಬ್ಲೀಚಿಂಗೂ ಬೇಡ, ಕ್ಲೋರಿನ್ ಹಾಕಿದ ನಲ್ಲಿ ನೀರೂ ಬೇಡ, ಲಸಿಕೆ ಅಲ್ಲೇ ಸತ್ತೋಗುತ್ತೆ. ಡ್ರಿಂಕರನ್ನ ಬರೀ ನೀರಲ್ಲಿ ತೊಳೆದು, ಒಂದೆರಡು ಗಂಟೆ ನೀರು ಕೊಡದೆ ಬಾಯಾರಿಸಿ, ಆಮೇಲೆ ಲಸಿಕೆ ನೀರಿಡಿ.