ಲಡಾಖಿನ ಎತ್ತರದಲ್ಲಿ ಕಾಂಕ್ರೀಟು ಹಾಕಿದ ನನ್ನ ಅನುಭವ

ಉಡುಪಿ, ಮಂಗಳೂರು ಕಡೆ ಸೇತುವೆ ಕೆಲಸ ಮಾಡಿಸುವ ನಮಗೆ ಮಳೆ ಬಿಟ್ಟರೆ ಹವಾಮಾನದ ಚಿಂತೆ ಹೆಚ್ಚಿಲ್ಲ. ಲಡಾಖಿನಲ್ಲಿ ಸುಮಾರು 4,000 ಮೀಟರ್ ಎತ್ತರದ ಕಣಿವೆಯೊಂದರಲ್ಲಿ ಸಣ್ಣ ಸೇತುವೆಯ ಗೋಡೆಗಳನ್ನು ಕಟ್ಟಿಸುವಾಗ ನಾನು ದಿನವಿಡೀ ಲೆಕ್ಕವಿಟ್ಟದ್ದು ಸಿಮೆಂಟಿಗಿಂತ ಹೆಚ್ಚಾಗಿ ಶಾಖವನ್ನು.

ಮೊದಲು ಜನರ ವಿಷಯ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಕಡಲತೀರದ ಮೂರನೇ ಎರಡು ಪಾಲಿನಷ್ಟೇ. ಊರಿನಿಂದ ಬಂದ ಮೇಸ್ತ್ರಿಗಳನ್ನು ಅಲ್ಲಿಯೇ ಉಳಿಸಿ, ದೇಹ ಒಗ್ಗಿದ ಮೇಲೆಯೇ ಕಣಿವೆಗೆ ಕರೆದೊಯ್ದೆ. ತಲೆನೋವು, ವಾಂತಿ ಇರುವವರನ್ನು ಮೇಲೆ ಹತ್ತಿಸಲಿಲ್ಲ. ತೆಳುಗಾಳಿಯಲ್ಲಿ ಡೀಸೆಲ್ ಮಿಕ್ಸರಿನ ಬಲವೂ ಕುಗ್ಗುವುದರಿಂದ ಒಂದು ಸಲಕ್ಕೆ ಹಾಕುವ ಮಾಲನ್ನು ಕಡಿಮೆ ಮಾಡಿಸಿದೆ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇ. 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟಿಗೆ ಸುಮಾರು 3.5 ಮೆಗಾಪಾಸ್ಕಲ್ ಬಲ ಬರುವ ಮೊದಲೇ ಅದರೊಳಗಿನ ನೀರು ಹೆಪ್ಪುಗಟ್ಟಿದರೆ ಆದ ಹಾನಿಯನ್ನು ಆಮೇಲೆ ಎಷ್ಟು ಕ್ಯೂರಿಂಗ್ (ತೇವ ಆರದಂತೆ ಕಾಪಾಡುವುದು) ಮಾಡಿದರೂ ಸರಿಪಡಿಸಲಾಗದು. ಬೆಳಿಗ್ಗೆ ಮರಳಿನ ರಾಶಿಗೆ ಸಲಿಕೆ ಹಾಕಿದರೆ ಮೇಲ್ಪದರ ಹೆಂಚಿನ ಚೂರುಗಳಂತೆ ಒಡೆದು ಬರುತ್ತಿತ್ತು. ಆ ಗಟ್ಟಿಗಳು ಕರಗದೆ ಮರಳನ್ನು ಮಿಕ್ಸರಿಗೆ ಹಾಕಲು ನಾನು ಬಿಡುತ್ತಿರಲಿಲ್ಲ. ನೀರನ್ನು ಸುಮಾರು 60 ಡಿಗ್ರಿಗೆ ಕಾಯಿಸಿ ಮೊದಲು ಜಲ್ಲಿ, ಮರಳಿನೊಂದಿಗೆ ತಿರುಗಿಸಿ, ಆ ಬಳಿಕವೇ ಸಿಮೆಂಟು ಸೇರಿಸುತ್ತಿದ್ದೆವು. ಬಿಸಿನೀರು ನೇರವಾಗಿ ಸಿಮೆಂಟಿಗೆ ತಾಗಿದರೆ ಅದು ತಕ್ಷಣ ಗಟ್ಟಿಯಾಗುವ ಅಪಾಯವಿದೆ. ಮಂಜು ಹಿಡಿದ ನೆಲದ ಮೇಲೆ ಕಾಂಕ್ರೀಟು ಸುರಿಯಲೇಬಾರದು ಎಂಬುದರಲ್ಲಿ ನಾನು ಯಾವ ರಾಜಿಯನ್ನೂ ಒಪ್ಪಲಿಲ್ಲ.

ಶಟರಿಂಗಿಗೆ, ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಹಿಡಿದಿಡುವ ಅಚ್ಚಿಗೆ, ಕಬ್ಬಿಣದ ಹಾಳೆಗಳ ಬದಲು ಪ್ಲೈವುಡ್ ಬಳಸಿದೆ, ಏಕೆಂದರೆ ಕಬ್ಬಿಣ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ನಮ್ಮೂರಿನಲ್ಲಿ ಗೋಣಿಯನ್ನು ಒದ್ದೆ ಮಾಡಿ ಹಾಸುತ್ತೇವೆ. ಅಲ್ಲಿ ತೇವ ಹೋಗದಂತೆ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಣ ಗೋಣಿಯ ಪದರಗಳು, ಗಾಳಿ ನುಗ್ಗದಂತೆ ಹೊರಗೆ ಟರ್ಪಾಲು. ಕಾಂಕ್ರೀಟಿನೊಳಗೆ ತುದಿ ಮುಚ್ಚಿದ ಸಣ್ಣ ಕೊಳವೆಯನ್ನು ನಿಲ್ಲಿಸಿ, ಅದರಲ್ಲಿ ಥರ್ಮಾಮೀಟರ್ ಇಳಿಸಿ ರಾತ್ರಿಯೂ ಉಷ್ಣತೆಯನ್ನು ಬರೆದಿಡುತ್ತಿದ್ದೆವು.

"ಸಾರ್, ಏಳು ದಿನ ಆಯ್ತಲ್ಲ, ಬಿಚ್ಚುವುದಾ?" ಎಂದು ಕುಂದಾಪುರದ ಮೇಸ್ತ್ರಿ ಕೇಳಿದಾಗ ಉಷ್ಣತೆ ಬರೆದಿಟ್ಟ ಪುಸ್ತಕವನ್ನೇ ಮುಂದಿಟ್ಟು ಲೆಕ್ಕ ತೋರಿಸಿದೆ. ಕಾಂಕ್ರೀಟು ಎಷ್ಟು ಬಲಿತಿದೆ ಎಂದು ಅಂದಾಜಿಸಲು ಉಷ್ಣತೆಗೆ 10 ಕೂಡಿಸಿ ಗಂಟೆಗಳಿಂದ ಗುಣಿಸುವ ಕ್ರಮದಲ್ಲಿ, ಊರಿನ 27 ಡಿಗ್ರಿಯ ಒಂದು ದಿನಕ್ಕೆ 888 ಬರುತ್ತದೆ, ಅಲ್ಲಿನ 7 ಡಿಗ್ರಿಯ ಒಂದು ದಿನಕ್ಕೆ 408 ಮಾತ್ರ. ಊರಿನ ಏಳು ದಿನಗಳ ಬಲಕ್ಕೆ ಅಲ್ಲಿ 15 ದಿನಗಳಿಗೂ ಹೆಚ್ಚು ಕಾಯಬೇಕು. ಈ ಲೆಕ್ಕವೊಂದನ್ನೇ ನಂಬದೆ, ಗೋಡೆಯ ಪಕ್ಕದಲ್ಲಿ ಅದೇ ಹೊದಿಕೆಯಡಿ ಇಟ್ಟ, ಬಲ ಪರೀಕ್ಷೆಯ ಕಾಂಕ್ರೀಟು ಕ್ಯೂಬುಗಳನ್ನೂ ಒಡೆಸಿ ನೋಡಿದ ಮೇಲೆಯೇ ಶಟರಿಂಗ್ ಬಿಚ್ಚಲು ಒಪ್ಪಿದೆ.

ಬಿಚ್ಚುವಾಗಲೂ ಅವಸರ ಸಲ್ಲದು. ಬೆಚ್ಚಗಿರುವ ಗೋಡೆಗೆ ಒಮ್ಮೆಲೇ ಶೀತಗಾಳಿ ತಾಗಿದರೆ ಮೇಲ್ಮೈ ಬಿರುಕು ಬಿಡುತ್ತದೆ. ಆದ್ದರಿಂದ ಒಂದೊಂದೇ ಪದರವನ್ನು ಸಡಿಲಿಸಿ, ಒಳಗಿನ ಮತ್ತು ಹೊರಗಿನ ಉಷ್ಣತೆ ಸಮೀಪಕ್ಕೆ ಬಂದ ಮೇಲೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೊನೆಯ ಹೊದಿಕೆಯನ್ನು ತೆಗೆಸಿದೆ.